ನೌರು: ನಿರಾಶ್ರಿತನೆಂದು ಒಪ್ಪಿದ ಮೇಲೆ ಎಲ್ಲಿಗೆ?

ಪ್ರಶ್ನೆ: ಪೆಸಿಫಿಕ್ ಸಾಗರದ ನೌರು ದ್ವೀಪಕ್ಕೆ ಆಸ್ಟ್ರೇಲಿಯಾ ನಿರಾಶ್ರಿತರನ್ನು ಕಳಿಸುತ್ತದೆ ಎಂದು ಆಗಾಗ ಓದುತ್ತೇನೆ. ನಮ್ಮ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ ಜಮೀನು ಕೊಟ್ಟು ನೆಲೆ ಮಾಡಿಸಿದ ಹಾಗೆ ಅಲ್ಲಿಯೂ ಮಾಡಿದ್ದಾರೆಯೇ? ಅಷ್ಟು ಪುಟ್ಟ ದೇಶ ಇದಕ್ಕೆ ಒಪ್ಪಿದ್ದೇಕೆ? ಒಬ್ಬ ಮನುಷ್ಯ ಅಲ್ಲಿಗೆ ತಲುಪಿದ ಮೇಲೆ ಏನೇನಾಗುತ್ತದೆ? ಅವನು ನಿಜವಾಗಿಯೂ ನಿರಾಶ್ರಿತ ಎಂದು ಸಾಬೀತಾದರೆ ಆಸ್ಟ್ರೇಲಿಯಾ ಕರೆಸಿಕೊಳ್ಳಲೇಬೇಕಲ್ಲವೇ? ನನ್ನ ಮಗ ಮೆಲ್ಬರ್ನ್‌ನಲ್ಲಿ ಓದುತ್ತಿದ್ದಾನೆ. ವೀಸಾ ತಕರಾರಾದರೆ ಅವನನ್ನೂ ಅಲ್ಲಿಗೆ ಸಾಗಿಸುತ್ತಾರೇನೋ ಎಂದು ಮನೆಯಲ್ಲಿ ಭಯ.
(ಪಿರಿಯಾಪಟ್ಟಣದ ಓದುಗರು)

ಉತ್ತರ: ಮೊದಲು ಮನೆಯ ಭಯ ಕಳೆಯೋಣ. ನಿಮ್ಮ ಮಗನನ್ನು ನೌರುವಿಗೆ ಕಳಿಸುವುದಿಲ್ಲ. ಆಶ್ರಯ ಕೇಳುವವರನ್ನು ಅಲ್ಲಿಗೆ ಸಾಗಿಸುವ ಕಾನೂನು ಅನ್ವಯಿಸುವುದು ವೀಸಾ ಇಲ್ಲದೆ ದೋಣಿಯಲ್ಲಿ ಬಂದವರಿಗೆ. ವೀಸಾ ಪಡೆದು ವಿಮಾನದಲ್ಲಿ ಇಳಿದವರ ದಾರಿ ಬೇರೆ. ವೀಸಾ ಮುಗಿದರೆ ಅಥವಾ ರದ್ದಾದರೆ ಬ್ರಿಡ್ಜಿಂಗ್ ವೀಸಾ (ತೀರ್ಮಾನ ಬರುವವರೆಗೆ ಇರಲು ಕೊಡುವ ತಾತ್ಕಾಲಿಕ ವೀಸಾ), ಮೇಲ್ಮನವಿ, ಅದೂ ಸೋತರೆ ಭಾರತಕ್ಕೆ ವಾಪಸ್, ಅಷ್ಟೇ. ವಿಮಾನದಲ್ಲಿ ಬಂದವರು ಆಶ್ರಯ ಕೇಳಿ 866 ಸಂಖ್ಯೆಯ ಪ್ರೊಟೆಕ್ಷನ್ ವೀಸಾಗೆ ಅರ್ಜಿ ಹಾಕಿದರೂ ಅದು ಆಸ್ಟ್ರೇಲಿಯಾದೊಳಗೇ ಇತ್ಯರ್ಥವಾಗುತ್ತದೆ. ಮಗನಿಗೆ ಒಂದು ಮಾತು ಹೇಳಿಡಿ. ‘866 ಹಾಕಿಬಿಡಿ, ತೀರ್ಮಾನ ಬರುವವರೆಗೆ ಕೆಲಸ ಮಾಡಬಹುದು’ ಎಂದು ವಿದ್ಯಾರ್ಥಿಗಳ ಕಿವಿ ಊದುವ ಏಜೆಂಟರಿದ್ದಾರೆ. ಆಧಾರವಿಲ್ಲದ ಅಂಥ ಅರ್ಜಿ ವಜಾ ಆದ ಮೇಲೆ ಆಸ್ಟ್ರೇಲಿಯಾದಲ್ಲಿ ಇದ್ದುಕೊಂಡು ಬೇರೆ ಬಹುತೇಕ ವೀಸಾಗಳಿಗೆ ಅರ್ಜಿ ಹಾಕುವ ಹಕ್ಕೇ ಹೋಗುತ್ತದೆ. ಆ ನಷ್ಟ ಏಜೆಂಟನದಲ್ಲ.

ಇನ್ನು ಬೈಲುಕುಪ್ಪೆ. ನೀವು ಕೇಳಿದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ ಭಾಗ ಇದೇ, ಏಕೆಂದರೆ ಎರಡು ಊರುಗಳ ಕಥೆ ತಿರುವುಮುರುವು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಮ್ಮಲ್ಲಿ ನಿರಾಶ್ರಿತರಿಗೆಂದೇ ಮಾಡಿದ ಕಾನೂನೂ ಇಲ್ಲ. ಆದರೂ 1960ರಲ್ಲಿ ಮೈಸೂರು ಸರ್ಕಾರ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು, ಅವರು ಜೋಳ ಬೆಳೆದರು, ಮಠ ಕಟ್ಟಿದರು. ನೌರುವಿನಲ್ಲಿ ಒಪ್ಪಂದಕ್ಕೆ ಸಹಿಯಿದೆ, ಕಾಯ್ದೆಯಿದೆ, ವಿಚಾರಣಾಧಿಕಾರಿ, ನ್ಯಾಯಮಂಡಳಿ, ಸುಪ್ರೀಂ ಕೋರ್ಟು ಎಲ್ಲವೂ ಇವೆ. ನಿರಾಶ್ರಿತನೆಂದು ಒಪ್ಪಿದ ಆದೇಶವೂ ಹೆಚ್ಚಿನವರ ಕೈಗೆ ಸಿಕ್ಕಿತು. ನೆಲ ಮಾತ್ರ ಸಿಗಲಿಲ್ಲ. ಜನ ಹಾಳಾದದ್ದು ವಿಚಾರಣೆಯಲ್ಲಿ ಸೋತು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹೆಚ್ಚಿನವರು ಹಾಳಾದದ್ದು ಗೆದ್ದ ಮೇಲೆ.

ಆ ದೇಶ ಒಪ್ಪಿದ್ದು ಏಕೆ

ನೌರುವಿನ ಒಟ್ಟು ವಿಸ್ತೀರ್ಣ 21 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರದ ಮೂವತ್ತರಲ್ಲಿ ಒಂದು ಪಾಲೂ ಇಲ್ಲ. ಜನಸಂಖ್ಯೆ ಸುಮಾರು 12,000. ಬ್ರಿಸ್ಬೇನ್‌ನಿಂದ 3,300 ಕಿ.ಮೀ. ದೂರ. ಕರಾವಳಿಯ ಸುತ್ತ ಒಂದು ರಸ್ತೆ, ಅದರ ಅಂಚಿನಲ್ಲಿ ಮನೆಗಳು. ನಡುವೆ ಎತ್ತರದ ಬಯಲು, ಅದನ್ನು ಅಲ್ಲಿಯವರು ‘ಟಾಪ್‌ಸೈಡ್’ ಎನ್ನುತ್ತಾರೆ. ಸುಮಾರು ನೂರು ವರ್ಷ ಆ ಬಯಲಿನ ಫಾಸ್ಫೇಟನ್ನು ಬಗೆದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಹೊಲಗಳಿಗೆ ಗೊಬ್ಬರ ಮಾಡಿ ಸುರಿದರು. ಉಳಿದಿರುವುದು ಆಳೆತ್ತರದ ಸುಣ್ಣಕಲ್ಲಿನ ಚೂಪುಗಂಬಗಳು. ಅವುಗಳ ಮೇಲೆ ಬೆಳೆ ಬರುವುದಿಲ್ಲ, ಮನೆ ಕಟ್ಟುವುದೂ ಸುಲಭವಲ್ಲ. ಹೊಳೆ ಇಲ್ಲ. ಕುಡಿಯುವ ನೀರಿಗೆ ಮಳೆ ಮತ್ತು ಸಮುದ್ರದ ಉಪ್ಪುನೀರು ಸಿಹಿ ಮಾಡುವ ಯಂತ್ರ.

1968ರ ಜನವರಿ 31ರಂದು ಸ್ವತಂತ್ರವಾದ ಮೇಲೆ ಫಾಸ್ಫೇಟಿನ ಹಣ ನೌರುವಿನವರ ಕೈಗೇ ಬಂತು. ಎಪ್ಪತ್ತರ ದಶಕದಲ್ಲಿ ತಲಾದಾಯದಲ್ಲಿ ಅದು ಜಗತ್ತಿನ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. ಆ ಹಣವನ್ನೆಲ್ಲ ಹೂಡಿದ ಟ್ರಸ್ಟು ಕೆಟ್ಟ ಹೂಡಿಕೆ ಮತ್ತು ದುಂದಿನಿಂದ ಬರಿದಾಯಿತು. 2001ರ ಹೊತ್ತಿಗೆ ಜನರೇಟರಿಗೆ ಡೀಸೆಲ್ ಕೊಳ್ಳುವುದಕ್ಕೂ ಪರದಾಟ, ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ನೌರು ರೋಗಿಗಳ ಬಾಕಿ ಬಿಲ್ಲು.

ಅದೇ ವರ್ಷದ ಆಗಸ್ಟ್‌ನಲ್ಲಿ ನಾರ್ವೆಯ ಸರಕುಹಡಗು ‘ಟಾಂಪಾ’ ಮುಳುಗುತ್ತಿದ್ದ ದೋಣಿಯೊಂದರಿಂದ 430ಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಹೆಚ್ಚಿನವರು ಅಫ್ಘಾನಿಸ್ತಾನದ ಹಜಾರಾ ಎಂಬ ಅಲ್ಪಸಂಖ್ಯಾತ ಸಮುದಾಯದವರು. ಆಸ್ಟ್ರೇಲಿಯಾಕ್ಕೇ ಸೇರಿದ ಕ್ರಿಸ್‌ಮಸ್ ದ್ವೀಪಕ್ಕೆ ಇಳಿಸಲು ಹೋದರೆ ಆಸ್ಟ್ರೇಲಿಯಾ ಸೈನಿಕರನ್ನು ಹತ್ತಿಸಿ ತಡೆಯಿತು. ಚುನಾವಣೆ ಹತ್ತಿರವಿತ್ತು. ಇವರನ್ನು ಇಳಿಸಿಕೊಳ್ಳುವ ಯಾವುದಾದರೂ ಒಂದು ನೆಲ ಬೇಕಿತ್ತು. ಸೆಪ್ಟೆಂಬರ್ 10ರಂದು ನೌರು ಸಹಿ ಹಾಕಿತು, ಬದಲಿಗೆ ಸುಮಾರು 20 ಮಿಲಿಯನ್ ಆಸ್ಟ್ರೇಲಿಯನ್ ಡಾಲರ್‌ಗಳ ನೆರವು ಪಡೆಯಿತು. ಅದರಲ್ಲಿ ಇಂಧನದ ಖರ್ಚೂ ಆಸ್ಪತ್ರೆ ಬಾಕಿಯೂ ಸೇರಿದ್ದವು. ನಿಮ್ಮ ‘ಏಕೆ ಒಪ್ಪಿತು’ ಎಂಬುದಕ್ಕೆ ಉತ್ತರ ಆ ಡೀಸೆಲ್ ಬಿಲ್ಲಿನಲ್ಲಿದೆ. ಈಚಿನ ವರ್ಷಗಳಲ್ಲಂತೂ ನೌರು ಸರ್ಕಾರದ ಆದಾಯದ ಅರ್ಧಕ್ಕೂ ಹೆಚ್ಚು ಪಾಲು ಈ ಶಿಬಿರದ ಬಾಬ್ತಿನಿಂದಲೇ ಬಂದಿದೆ.

ಮೊದಲ ಸುತ್ತು 2008ರ ಫೆಬ್ರವರಿಗೆ ಮುಗಿಯಿತು. ನೌರು ಮತ್ತು ಇಂಥದ್ದೇ ಇನ್ನೊಂದು ಶಿಬಿರವಿದ್ದ ಪಪುವಾ ನ್ಯೂಗಿನಿಯ ಮಾನುಸ್ ದ್ವೀಪ ಎರಡೂ ಸೇರಿ 1,637 ಜನ ಹೋಗಿದ್ದರು. ಅವರಲ್ಲಿ ಹತ್ತಿರಹತ್ತಿರ ಶೇ 70ರಷ್ಟು ಜನ ಕೊನೆಗೆ ಬೇರೆ ದೇಶಗಳಲ್ಲಿ ನೆಲೆ ಕಂಡರು. ಅವರಲ್ಲೂ ಹೆಚ್ಚಿನವರು ತಲುಪಿದ್ದು ಆಸ್ಟ್ರೇಲಿಯಾವನ್ನೇ, ಮಿಕ್ಕವರಲ್ಲಿ ಬಹಳಷ್ಟು ಮಂದಿ ನ್ಯೂಜಿಲೆಂಡನ್ನು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಎರಡನೇ ಸುತ್ತಿನ ನಿಯಮ ಬರೆದವರು ಇದನ್ನೇ ಕಣ್ಣೆದುರಿಗೆ ಇಟ್ಟುಕೊಂಡಿದ್ದರು. ನೌರುವಿಗೆ ಹಾಕಿದರೂ ಸುತ್ತಿಬಳಸಿ ಆಸ್ಟ್ರೇಲಿಯಾಕ್ಕೇ ಬರುತ್ತಾರೆ ಎಂದಾದರೆ ದೋಣಿ ಹತ್ತುವವರು ಹೆದರುವುದಿಲ್ಲ, ಹಾಗಾಗಿ ಆ ಬಾಗಿಲಿಗೇ ಮೊಳೆ ಹೊಡೆಯಬೇಕು ಎಂಬುದು ಅವರ ಲೆಕ್ಕ. 2012ರ ಸೆಪ್ಟೆಂಬರ್‌ನಲ್ಲಿ ಶಿಬಿರ ಮತ್ತೆ ತೆರೆಯಿತು. 2013ರ ಜುಲೈ 19ರಂದು ಆಗಿನ ಪ್ರಧಾನಿ ಕೆವಿನ್ ರಡ್, ಇನ್ನು ಮುಂದೆ ದೋಣಿಯಲ್ಲಿ ಬಂದ ಯಾರಿಗೂ, ಅವರು ನಿರಾಶ್ರಿತರೆಂದು ಸಾಬೀತಾದರೂ, ಆಸ್ಟ್ರೇಲಿಯಾದಲ್ಲಿ ನೆಲೆಯಿಲ್ಲ ಎಂದು ಘೋಷಿಸಿದರು. 2008ರಲ್ಲಿ ಮೊದಲ ಶಿಬಿರ ಮುಚ್ಚಿಸಿದ್ದೂ ಇದೇ ರಡ್ ಸರ್ಕಾರ. ಆ ದಿನಾಂಕದ ನಂತರ ಬಂದು ಎರಡೂ ದ್ವೀಪಗಳಿಗೆ ಸಾಗಿಸಲ್ಪಟ್ಟವರು 3,127 ಜನ.

ಒಬ್ಬ ಮನುಷ್ಯನಿಗೆ ಏನೇನಾಗುತ್ತದೆ

ದೋಣಿ ಆಸ್ಟ್ರೇಲಿಯಾದ ನೆಲ ಮುಟ್ಟುವ ಮೊದಲೇ ಸಿಕ್ಕಿದರೆ ಸಾಮಾನ್ಯವಾಗಿ ಹಿಂದಕ್ಕೆ ಅಟ್ಟುತ್ತಾರೆ. 2013ರ ಸೆಪ್ಟೆಂಬರ್‌ನಿಂದ ಇದು ಸೇನೆಯ ಮೇಲುಸ್ತುವಾರಿಯಲ್ಲಿ ನಡೆಯುತ್ತಿದೆ. ಶ್ರೀಲಂಕಾದ ದೋಣಿಗಳಾದರೆ ಸಮುದ್ರದಲ್ಲೇ ನಾಲ್ಕು ಪ್ರಶ್ನೆ ಕೇಳಿ ಶ್ರೀಲಂಕಾದ ನೌಕಾಪಡೆಗೆ ಒಪ್ಪಿಸಿದ್ದುಂಟು. ಹಿಂದಕ್ಕೆ ಅಟ್ಟಲಾಗದೆ ಉಳಿದವರ ಮೇಲೆ ವಲಸೆ ಕಾಯ್ದೆಯ 198ಎಡಿ ಸೆಕ್ಷನ್ ಬೀಳುತ್ತದೆ: ‘ಸಾಧ್ಯವಾದಷ್ಟು ಬೇಗ’ ಗೊತ್ತುಪಡಿಸಿದ ದೇಶಕ್ಕೆ ಸಾಗಿಸತಕ್ಕದ್ದು. ಇಲ್ಲಿ ಅಧಿಕಾರಿಗೆ ವಿವೇಚನೆ ಇಲ್ಲ. ಬಸುರಿ, ಮಗು, ರೋಗಿ ಎಂದು ಸೆಕ್ಷನ್ ಕೇಳುವುದಿಲ್ಲ, ಬಿಡುವುದಿದ್ದರೆ ಮಂತ್ರಿ ಬಿಡಬೇಕು.

ಭಾರತಕ್ಕೆ ನೇರ ಸಂಬಂಧವಿರುವ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. 2014ರ ಜೂನ್‌ನಲ್ಲಿ 157 ಶ್ರೀಲಂಕಾ ತಮಿಳರು ಪುದುಚೇರಿಯಿಂದ ಹೊರಟರು, ಅವರಲ್ಲಿ ಸುಮಾರು 50 ಮಕ್ಕಳು. ಕ್ರಿಸ್‌ಮಸ್ ದ್ವೀಪದ ಹತ್ತಿರ ದೋಣಿಯನ್ನು ತಡೆದು ಎಲ್ಲರನ್ನೂ ಆಸ್ಟ್ರೇಲಿಯಾದ ಕಸ್ಟಮ್ಸ್ ಹಡಗಿಗೆ ಹತ್ತಿಸಿದರು. ಹಡಗು ಭಾರತದತ್ತ ಹೊರಟಿತು. ಭಾರತ ಇಳಿಸಿಕೊಳ್ಳಲು ಒಪ್ಪದೆ, ಹೆಚ್ಚುಕಡಿಮೆ ಒಂದು ತಿಂಗಳು ಅವರು ಹಡಗಿನಲ್ಲೇ, ಕಿಟಕಿಯಿಲ್ಲದ ಕೋಣೆಗಳಲ್ಲಿ ಕಳೆದರು. ಕೊನೆಗೆ ಪಶ್ಚಿಮ ಆಸ್ಟ್ರೇಲಿಯಾದ ಶಿಬಿರಕ್ಕೆ ತಂದು, ಅಲ್ಲಿ ಭಾರತೀಯ ಕಾನ್ಸುಲೇಟ್ ಅಧಿಕಾರಿಗಳನ್ನು ಭೇಟಿಯಾಗಿ ವಾಪಸ್ ಹೋಗಲು ಒಪ್ಪಿ ಎಂದರು. ಯಾರೂ ಒಪ್ಪಲಿಲ್ಲ. ಆಗಸ್ಟ್ ಮೊದಲ ವಾರಾಂತ್ಯದ ರಾತ್ರಿ ಎಲ್ಲರನ್ನೂ ವಿಮಾನದಲ್ಲಿ ನೌರುವಿಗೆ ಕಳಿಸಿದರು. ಸಮುದ್ರದಲ್ಲಿ ಹಾಗೆ ಕೂಡಿಹಾಕಿದ್ದು ಕಾನೂನುಬದ್ಧ ಎಂದು 2015ರ ಜನವರಿಯಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) 4-3ರ ಬಹುಮತದಲ್ಲಿ ಹೇಳಿತು. (2021ರ ಜೂನ್‌ನಲ್ಲಿ ಮಂಗಳೂರಿನಲ್ಲಿ 38 ಶ್ರೀಲಂಕನ್ನರು ಸಿಕ್ಕಿಬಿದ್ದದ್ದು ನಿಮಗೆ ನೆನಪಿರಬಹುದು. ಅವರು ಹೊರಟಿದ್ದದ್ದು ಕೆನಡಾಕ್ಕೆ. ನಮ್ಮ ಕರಾವಳಿಗಳನ್ನೂ ದೋಣಿ ದಲ್ಲಾಳಿಗಳು ಬಳಸುತ್ತಾರೆ ಎಂಬುದಕ್ಕೆ ಸಾಕ್ಷಿ.)

ನೌರುವಿನಲ್ಲಿ ಇಳಿದ ಕೂಡಲೇ ಆ ಮನುಷ್ಯನಿಗೆ ನೌರು ಸರ್ಕಾರ ಒಂದು ವೀಸಾ ಕೊಡುತ್ತದೆ. ಅವನು ಕೇಳಿದ್ದಲ್ಲ, ಅವನ ಹೆಸರಿನಲ್ಲಿ ಆಸ್ಟ್ರೇಲಿಯಾ ಕೇಳಿದ್ದು, ಶುಲ್ಕ ಕಟ್ಟುವುದೂ ಆಸ್ಟ್ರೇಲಿಯಾ. 2012ರಲ್ಲಿ ಅದು ತಲೆಗೆ ತಿಂಗಳಿಗೆ 1,000 ಡಾಲರ್ ಇತ್ತು. ಆಗಿನ ವೀಸಾದ ಷರತ್ತು: ಶಿಬಿರದಲ್ಲೇ ಇರಬೇಕು. ಕೂಡಿಹಾಕಿದವರು ಯಾರು ಎಂಬ ಪ್ರಶ್ನೆಗೆ ಹೀಗೆ ಎರಡು ಉತ್ತರ ಹುಟ್ಟುತ್ತವೆ. ಆಸ್ಟ್ರೇಲಿಯಾ ‘ಅದು ನೌರು ಕಾನೂನು’ ಎನ್ನುತ್ತದೆ, ನೌರು ‘ನಡೆಸುವ ಗುತ್ತಿಗೆದಾರ, ಹಣ ಎಲ್ಲ ಅವರದು’ ಎನ್ನುತ್ತದೆ. ಮುಂದೆ ಆದ ಬಹುಪಾಲು ತೊಂದರೆಗಳ ಬೇರು ಈ ಜೋಡಣೆಯಲ್ಲಿದೆ.

ಶಿಬಿರ ಇದ್ದದ್ದು ಟಾಪ್‌ಸೈಡ್‌ನಲ್ಲಿ. ಒಂದನೇ ಆವರಣದಲ್ಲಿ ಆಡಳಿತ, ಎರಡರಲ್ಲಿ ಒಂಟಿ ಗಂಡಸರು, ಮೂರರಲ್ಲಿ ಸಂಸಾರಗಳು. ಮದುವೆ ಚಪ್ಪರದಂಥ ಉದ್ದನೆಯ ಪ್ಲಾಸ್ಟಿಕ್ ಡೇರೆಗಳನ್ನು ಹಾಳೆಗಳಿಂದ ಭಾಗ ಮಾಡಿ ಒಂದೊಂದು ಕುಟುಂಬಕ್ಕೆ ಕೊಟ್ಟಿದ್ದರು. ನೆಲ ಬಿಳಿ ಸುಣ್ಣದ ಪುಡಿ, ಡೇರೆಯೊಳಗೆ ಸೆಖೆ, ತೇವಕ್ಕೆ ಬಟ್ಟೆಗೂ ಹಾಸಿಗೆಗೂ ಬೂಷ್ಟು. ಸ್ನಾನಕ್ಕೆ ಸರದಿ ಸಾಲು, ನಿಮಿಷದ ಲೆಕ್ಕದ ನೀರು.

ವಿಚಾರಣೆ ನಡೆಯುವುದು ನೌರುವಿನ 2012ರ ನಿರಾಶ್ರಿತರ ಒಪ್ಪಂದ ಕಾಯ್ದೆಯ ಪ್ರಕಾರ. ನೌರು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ್ದು 2011ರ ಜೂನ್‌ನಲ್ಲಿ. ಅರ್ಜಿದಾರನಿಗೆ ಹೇಳಿಕೆ ಬರೆದುಕೊಡುವ ವಕೀಲರ ನೆರವಿದೆ, ದುಭಾಷಿ ಇರುತ್ತಾನೆ. ಅಧಿಕಾರಿ ಎರಡು ವಿಷಯ ನೋಡುತ್ತಾನೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣದಿಂದ ಹಿಂಸೆಯ ಭಯವಿದೆಯೇ? ಇಲ್ಲವಾದರೆ, ವಾಪಸ್ ಕಳಿಸಿದಲ್ಲಿ ಚಿತ್ರಹಿಂಸೆಯಂಥದ್ದು ಕಾದಿದೆಯೇ? ಎರಡರಲ್ಲಿ ಒಂದು ಸಾಬೀತಾದರೂ ರಕ್ಷಣೆ. ಬಡತನ, ಬರ, ನಿರುದ್ಯೋಗ ಲೆಕ್ಕಕ್ಕಿಲ್ಲ. ಊರಿನಲ್ಲಿ ಅಪಾಯವಿದ್ದರೂ ಅದೇ ದೇಶದ ಇನ್ನೊಂದು ನಗರದಲ್ಲಿ ಬದುಕಬಹುದಲ್ಲ ಎಂದು ಅಧಿಕಾರಿಗೆ ಅನಿಸಿದರೂ ಅರ್ಜಿ ಬೀಳುತ್ತದೆ.

ವಜಾ ಆದರೆ 28 ದಿನಗಳಲ್ಲಿ ಮೂವರು ಸದಸ್ಯರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿಯೂ ಸೋತರೆ 42 ದಿನಗಳಲ್ಲಿ ನೌರು ಸುಪ್ರೀಂ ಕೋರ್ಟಿಗೆ, ಆದರೆ ಕಾನೂನಿನ ಅಂಶದ ಮೇಲೆ ಮಾತ್ರ. ಅಲ್ಲಿಂದ ಮೇಲಕ್ಕೆ, 1976ರ ಹಳೆಯ ಒಡಂಬಡಿಕೆಯೊಂದರ ದೆಸೆಯಿಂದ, ಆಸ್ಟ್ರೇಲಿಯಾದ ಹೈಕೋರ್ಟಿಗೇ ಹೋಗುವ ಹಕ್ಕಿತ್ತು. ಅರ್ಜಿದಾರನಿಗೆ ಎದುರಾಗಿದ್ದ ಮಾಹಿತಿಯನ್ನು ಅವನ ಮುಂದಿಟ್ಟು ಉತ್ತರ ಕೇಳಲಿಲ್ಲ ಎಂಬಂಥ ಕಾರಣಗಳಿಗೆ ಆ ಕೋರ್ಟು ಕೆಲವು ಕಡತಗಳನ್ನು ಮರುವಿಚಾರಣೆಗೆ ಕಳಿಸಿತು. 2017ರ ಡಿಸೆಂಬರ್‌ನಲ್ಲಿ ನೌರು ಸದ್ದಿಲ್ಲದೆ ನೋಟಿಸ್ ಕೊಟ್ಟು, 2018ರ ಮಾರ್ಚ್ 13ರಿಂದ ಆ ದಾರಿ ಮುಚ್ಚಿತು. ನಂತರ ತನ್ನದೇ ಮೇಲ್ಮನವಿ ನ್ಯಾಯಾಲಯ ಸ್ಥಾಪಿಸಿಕೊಂಡಿತು.

ಅರ್ಜಿಗಳು ಬೀಳುತ್ತಿದ್ದದ್ದು ಹೆಚ್ಚಾಗಿ ಎಲ್ಲಿ? ಕಾನೂನಿನ ಸೂಕ್ಷ್ಮಗಳಲ್ಲಲ್ಲ, ‘ಇವನ ಮಾತು ನಂಬುವಂತಿಲ್ಲ’ ಎಂಬ ಒಂದು ಸಾಲಿನಲ್ಲಿ. ಅದಕ್ಕೆ ಆಧಾರ ಎರಡು ಹೇಳಿಕೆಗಳ ನಡುವಿನ ವ್ಯತ್ಯಾಸ. ಇಳಿದ ಹೊಸತರಲ್ಲಿ, ದಣಿವು ಆರುವ ಮೊದಲೇ, ವಕೀಲರಿಲ್ಲದೆ ಒಂದು ಚಿಕ್ಕ ಸಂದರ್ಶನ ಆಗಿರುತ್ತದೆ. ‘ಚುಟುಕಾಗಿ ಹೇಳಿ, ಮುಂದೆ ವಿವರವಾಗಿ ಕೇಳುತ್ತೇವೆ’ ಎಂದಿರುತ್ತಾರೆ. ತಿಂಗಳುಗಳ ಮೇಲೆ ದೊಡ್ಡ ವಿಚಾರಣೆಯಲ್ಲಿ ಅವನು ಜೈಲಿನಲ್ಲಿ ಹೊಡೆಸಿಕೊಂಡದ್ದನ್ನು ಹೇಳಿದರೆ, ‘ಅಂದು ಏಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಬರುತ್ತದೆ. ಲೈಂಗಿಕ ಹಿಂಸೆಗೆ ಒಳಗಾದ ಹೆಂಗಸರ ಕಡತಗಳಲ್ಲಿ ಇದು ಇನ್ನೂ ಕಠಿಣ, ಗಂಡನ ಎದುರು ಅಥವಾ ಗಂಡು ದುಭಾಷಿಯ ಎದುರು ಮೊದಲ ದಿನವೇ ಅದನ್ನು ಹೇಳುವವರು ಯಾರು?

ತಾರೀಖಿನ ಗೊಂದಲ ಇನ್ನೊಂದು. ಇರಾನ್ ಮತ್ತು ಅಫ್ಘಾನಿಸ್ತಾನದವರು ಸೌರ ಪಂಚಾಂಗ ಬಳಸುತ್ತಾರೆ, ಹೊಸ ವರ್ಷ ಮಾರ್ಚ್ 20-21ಕ್ಕೆ. ಒಬ್ಬ ಹಜಾರಾ ಯುವಕ ‘90ರ ಮೀಜಾನ್ ತಿಂಗಳಲ್ಲಿ ಅಪ್ಪನನ್ನು ಎತ್ತಿಕೊಂಡು ಹೋದರು’ ಎಂದರೆ ಅದು 1390ನೇ ಇಸವಿ, ನಮ್ಮ ಲೆಕ್ಕಕ್ಕೆ 2011ರ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 22ರ ಒಳಗೆ. ಮಾರ್ಚ್‌ನಿಂದ ಡಿಸೆಂಬರ್‌ವರೆಗಿನ ತಾರೀಖಿಗೆ 621 ಕೂಡಿಸಬೇಕು, ಜನವರಿಯಿಂದ ಯುಗಾದಿಯ ಹೊತ್ತಿನವರೆಗಿನದಕ್ಕೆ 622. ದುಭಾಷಿ ಅವಸರದಲ್ಲಿ ಎಲ್ಲಕ್ಕೂ ಒಂದೇ ಸಂಖ್ಯೆ ಕೂಡಿಸಿದರೆ ಚಳಿಗಾಲದ ಘಟನೆಗಳು ಒಂದು ವರ್ಷ ಹಿಂದಕ್ಕೋ ಮುಂದಕ್ಕೋ ಹಾರುತ್ತವೆ. ಅಪ್ಪ ಸತ್ತ ಮೇಲೆ ಅಪ್ಪನ ಜೊತೆ ಊರು ಬಿಟ್ಟ ಹಾಗೆ ಕಡತದಲ್ಲಿ ದಾಖಲಾಗುತ್ತದೆ. ತಿಳಿದ ವಕೀಲರು ಅರ್ಜಿದಾರ ಹೇಳಿದ ಮೂಲ ತಿಂಗಳು, ಇಸವಿಯನ್ನೇ ಹೇಳಿಕೆಯಲ್ಲಿ ಬರೆಸಿ, ಪಕ್ಕದಲ್ಲಿ ಇಂಗ್ಲಿಷ್ ತಾರೀಖು ಹಾಕಿಸುತ್ತಾರೆ. ಹಬ್ಬ, ಸುಗ್ಗಿ, ಮಗುವಿನ ಹುಟ್ಟು ಇಂಥವಕ್ಕೆ ಘಟನೆಗಳನ್ನು ಗಂಟು ಹಾಕುತ್ತಾರೆ. ತಮಿಳು ಕಡತಗಳಲ್ಲಿ ತೊಂದರೆ ಬೇರೆ ಬಗೆಯದು. ಜಾಫ್ನಾದ ತಮಿಳನ್ನು ತಮಿಳುನಾಡಿನ ದುಭಾಷಿ ತನಗೆ ತಿಳಿದ ಹಾಗೆ ಕೇಳಿಸಿಕೊಳ್ಳುತ್ತಾನೆ. ಇದು ಬೇಡ, ಬೇರೆಯವರು ಬೇಕು ಎಂದು ವಿಚಾರಣೆಯ ದಿನವೇ ದಾಖಲೆಯ ಮೇಲೆ ಹೇಳದಿದ್ದರೆ ಮೇಲ್ಮನವಿಯಲ್ಲಿ ಆ ತಕರಾರಿಗೆ ಬೆಲೆ ಕಡಿಮೆ.

ಇನ್ನು ನಿಧಾನ. ಶಿಬಿರ ತೆರೆದು 14 ತಿಂಗಳಾದ ಮೇಲೆ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯವರು ಹೋಗಿ ನೋಡಿದಾಗ ಪೂರ್ತಿ ತೀರ್ಮಾನವಾಗಿದ್ದದ್ದು ಒಂದೇ ಒಂದು ಅರ್ಜಿ. 2015ರ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾದ ಹೈಕೋರ್ಟಿನಲ್ಲಿ ಶಿಬಿರದ ಕಾನೂನುಬದ್ಧತೆಯ ಕೇಸು ಬರುವ ಎರಡು ದಿನ ಮುಂಚೆ, ನೌರು ಇದ್ದಕ್ಕಿದ್ದಂತೆ ಗೇಟು ತೆರೆದು, ಬಾಕಿ 600 ಅರ್ಜಿಗಳನ್ನು ಒಂದು ವಾರದಲ್ಲಿ ಮುಗಿಸುತ್ತೇವೆ ಎಂದಿತು. ವರ್ಷಗಟ್ಟಲೆ ಆಗದ್ದು ವಾರದಲ್ಲಿ ಹೇಗಾಗುತ್ತದೆ ಎಂದು ಕೇಳಿದವರು ಬಹಳ ಮಂದಿ. ಇಷ್ಟಾದರೂ, ತೀರ್ಮಾನವಾದ ಅರ್ಜಿಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಅರ್ಜಿದಾರರನ್ನು ನೌರು ನಿರಾಶ್ರಿತರೆಂದೇ ಒಪ್ಪಿತು. ‘ಕೆಲಸಕ್ಕಾಗಿ ಬಂದವರು’ ಎಂಬ ಆಪಾದನೆಗೆ ಇದಕ್ಕಿಂತ ನೇರವಾದ ಉತ್ತರ ಇರಲಾರದು.

ಗೆದ್ದ ಮೇಲೆ

ಒಪ್ಪಿದ ಮೇಲೆ ಸಿಗುತ್ತಿದ್ದದ್ದು ತಾತ್ಕಾಲಿಕ ನೆಲೆಯ ವೀಸಾ. ಮೊದಲು ಐದು ವರ್ಷದ್ದು ಇತ್ತು, ಆಮೇಲೆ ಅವಧಿ ಹೆಚ್ಚಿಸಿದರು. ಪೌರತ್ವದ ದಾರಿ ಇಲ್ಲ. ಡೇರೆಯಿಂದ ನಿಬೋಕ್, ಅನಿಬಾರೆ, ಎವಾ ಮೊದಲಾದ ಕಡೆಯ ಸಾಲುಕೋಣೆಗಳಿಗೆ ಸ್ಥಳಾಂತರವಾಯಿತು. ಕೆಲವರು ಅಂಗಡಿ, ಹೋಟೆಲು ಇಟ್ಟರು. ಆದರೆ ಜಮೀನು? ನೌರುವಿನ ಕಾನೂನಿನ ಪ್ರಕಾರ ಭೂಮಿ ಹೊರಗಿನವರ ಹೆಸರಿಗೆ ಆಗುವುದೇ ಇಲ್ಲ, ಹೆಚ್ಚೆಂದರೆ ಗುತ್ತಿಗೆ. ಅದೂ ಸಲೀಸಲ್ಲ, ತಲೆಮಾರುಗಳಿಂದ ಪಾಲಾಗುತ್ತ ಬಂದು ಒಂದೊಂದು ತುಂಡಿಗೂ ಹತ್ತಾರು ಜಂಟಿ ಖಾತೆದಾರರು. ಫಾಸ್ಫೇಟಿನ ರಾಯಧನವೂ ಹೀಗೇ ಹಂಚಿಕೆಯಾಗುವುದರಿಂದ ಯಾರೂ ತಮ್ಮ ಪಾಲು ಬಿಡುವುದಿಲ್ಲ. ಬೈಲುಕುಪ್ಪೆ ಅಲ್ಲಿ ಸಾಧ್ಯವಿರಲಿಲ್ಲ, ಕೊಡಲು ಸರ್ಕಾರದ ಬಳಿ ನೆಲವೇ ಇರಲಿಲ್ಲ. ಇದಕ್ಕೆ ನೌರುವಿನವರನ್ನು ದೂರುವುದು ತಪ್ಪು. ಹನ್ನೆರಡು ಸಾವಿರ ಜನರ ಊರಿಗೆ ಸಾವಿರದಷ್ಟು ಹೊರಗಿನವರನ್ನು, ಕಾಯಂ ಎಂದೂ ಹೇಳದೆ ಹೋಗುತ್ತಾರೆ ಎಂದೂ ಹೇಳದೆ, ತಂದಿಟ್ಟರೆ ಯಾವ ಊರಾದರೂ ಮುಖ ಗಂಟಿಕ್ಕುತ್ತದೆ.

ಮೊದಲು ಕುಸಿದದ್ದು ಆರೋಗ್ಯ. ದ್ವೀಪದಲ್ಲಿ ಒಂದು ಸಾಧಾರಣ ಆಸ್ಪತ್ರೆ. ದೊಡ್ಡ ಚಿಕಿತ್ಸೆಗೆ ಏರ್ ಆಂಬುಲೆನ್ಸ್‌ನಲ್ಲಿ ಬ್ರಿಸ್ಬೇನ್‌ಗೋ ಇನ್ನೆಲ್ಲಿಗೋ ಹೋಗಬೇಕು. ಅದಕ್ಕೆ ಶಿಬಿರದ ವೈದ್ಯರ ಶಿಫಾರಸು, ನೌರು ಸಮಿತಿಯ ಒಪ್ಪಿಗೆ, ಕ್ಯಾನ್‌ಬೆರಾದ ಅಧಿಕಾರಿಗಳ ಒಪ್ಪಿಗೆ ಮೂರೂ ಬೇಕು. ಮೂರರಲ್ಲಿ ಯಾರು ತಡ ಮಾಡಿದರೂ ರೋಗಿ ಅಲ್ಲೇ. 2016ರ ಏಪ್ರಿಲ್‌ನಲ್ಲಿ ತೀವ್ರ ಸುಟ್ಟಗಾಯಗಳಾಗಿದ್ದ ಇರಾನಿ ಯುವಕನೊಬ್ಬನನ್ನು ಬ್ರಿಸ್ಬೇನ್‌ಗೆ ತರಲು ಒಂದು ದಿನಕ್ಕೂ ಹೆಚ್ಚು ಹಿಡಿಯಿತು, ಆತ ಉಳಿಯಲಿಲ್ಲ. ಸಕಾಲದ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದ ಎಂದು ಆಸ್ಟ್ರೇಲಿಯಾದ ಮರಣ ವಿಚಾರಣಾಧಿಕಾರಿಯೇ ಬರೆದರು. 2018ರ ಹೊತ್ತಿಗೆ ಮಕ್ಕಳು ಊಟ, ನೀರು, ಮಾತು ಬಿಟ್ಟು ಹಾಸಿಗೆಯಲ್ಲಿ ನಿಶ್ಚಲವಾಗಿ ಬೀಳತೊಡಗಿದರು. ವೈದ್ಯರು ಇದನ್ನು ‘ರೆಸಿಗ್ನೇಷನ್ ಸಿಂಡ್ರೋಮ್’ ಎನ್ನುತ್ತಾರೆ. ಮೂಗಿನ ನಳಿಕೆಯಲ್ಲಿ ಆಹಾರ ಹಾಕದಿದ್ದರೆ ಪ್ರಾಣಕ್ಕೇ ಅಪಾಯ. ವಕೀಲರು ಒಂದೊಂದು ಮಗುವಿಗೂ ಫೆಡರಲ್ ಕೋರ್ಟಿನಿಂದ ಆದೇಶ ತಂದು ಬಿಡಿಸಬೇಕಾಯಿತು. 2019ರ ಫೆಬ್ರವರಿಗೆ ಮಕ್ಕಳೆಲ್ಲ ದ್ವೀಪ ಬಿಟ್ಟಾಗಿತ್ತು. ಇಬ್ಬರು ವೈದ್ಯರು ಹೇಳಿದರೆ ಸಾಕು, ರೋಗಿಯನ್ನು ಆಸ್ಟ್ರೇಲಿಯಾಕ್ಕೆ ತರಬೇಕು ಎಂಬ ಕಾನೂನನ್ನು ಅದೇ ತಿಂಗಳು ಪ್ರತಿಪಕ್ಷ ಮತ್ತು ಪಕ್ಷೇತರರು ಸೇರಿ ಸರ್ಕಾರವನ್ನು ಸೋಲಿಸಿ ಪಾಸು ಮಾಡಿದರು. ಡಿಸೆಂಬರ್‌ನಲ್ಲಿ ಅದು ರದ್ದಾಯಿತು.

ಇದರ ಖರ್ಚನ್ನೂ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಲೆಕ್ಕಪರಿಶೋಧನಾ ಕಚೇರಿಯೇ ಕೊಟ್ಟ ಲೆಕ್ಕ: ಎರಡೂ ದ್ವೀಪಗಳಲ್ಲಿ ಒಬ್ಬರಿಗೆ ವರ್ಷಕ್ಕೆ 5,73,000 ಡಾಲರಿಗೂ ಹೆಚ್ಚು. ಡೇರೆಯಲ್ಲಿ ಮಲಗಿದ್ದವನ ತಲೆಯ ಮೇಲೆ.

ಹಾಗಾದರೆ ಹೊರದಾರಿ? ಮೊದಲು ಕಾಂಬೋಡಿಯಾ. 2014ರ ಸೆಪ್ಟೆಂಬರ್‌ನಲ್ಲಿ ಒಪ್ಪಂದವಾಯಿತು, ಆಸ್ಟ್ರೇಲಿಯಾ 40 ಮಿಲಿಯನ್ ಡಾಲರ್ ಹೆಚ್ಚುವರಿ ನೆರವನ್ನೂ ಪುನರ್ವಸತಿಗೆ ಬೇರೆ ಹಣವನ್ನೂ ತೆಗೆದಿಟ್ಟಿತು. ಹೋದವರು ಬೆರಳೆಣಿಕೆಯಷ್ಟು ಜನ, ಅವರಲ್ಲೂ ಹೆಚ್ಚಿನವರು ಅಲ್ಲಿ ನಿಲ್ಲಲಿಲ್ಲ. ಕೆಲಸಕ್ಕೆ ಬಂದದ್ದು ಅಮೆರಿಕದ ಒಪ್ಪಂದ. 2016ರ ನವೆಂಬರ್‌ನಲ್ಲಿ ಒಬಾಮಾ ಸರ್ಕಾರ 1,250 ಜನರವರೆಗೆ ತೆಗೆದುಕೊಳ್ಳಲು ಒಪ್ಪಿತು. ಟ್ರಂಪ್ ಬೈಯ್ದುಕೊಂಡೇ ಮುಂದುವರಿಸಿದರು. ನೌರುವಿನಲ್ಲಿ ಈಗಾಗಲೇ ಗೆದ್ದಿದ್ದರೂ ಇಲ್ಲಿ ಮತ್ತೆ ಮೊದಲಿನಿಂದ ಸಂದರ್ಶನ, ಭದ್ರತಾ ತಪಾಸಣೆ, ವೈದ್ಯಕೀಯ. ಇರಾನ್, ಸೊಮಾಲಿಯಾದವರ ಕಡತಗಳು ಪ್ರವೇಶ ನಿಷೇಧದ ಸುಳಿಗೆ ಸಿಕ್ಕಿ ನಿಂತವು. ಆದರೂ ಸಾವಿರಕ್ಕೂ ಹೆಚ್ಚು ಜನ ಅಮೆರಿಕ ಸೇರಿದರು. ನ್ಯೂಜಿಲೆಂಡ್ ವರ್ಷಕ್ಕೆ 150 ಜನರನ್ನು ಕರೆದುಕೊಳ್ಳುತ್ತೇನೆ ಎಂದು 2013ರಿಂದಲೇ ಹೇಳುತ್ತಿತ್ತು. ಆಸ್ಟ್ರೇಲಿಯಾ ಒಂಬತ್ತು ವರ್ಷ ಒಪ್ಪಲಿಲ್ಲ, ಕಾರಣ ನ್ಯೂಜಿಲೆಂಡಿನ ಪೌರರು ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಬಹುದು, ಹಿತ್ತಿಲ ಬಾಗಿಲು ತೆರೆದಂತಾಗುತ್ತದೆ ಎಂಬ ಅಂಜಿಕೆ. 2022ರ ಮಾರ್ಚ್ 24ರಂದು ಒಪ್ಪಿತು: ಮೂರು ವರ್ಷಕ್ಕೆ 450 ಜನ. 2023ರ ಜೂನ್ ಕೊನೆಗೆ ಹಳೆಯ ಗುಂಪಿನ ಕಡೆಯವರನ್ನೂ ನೌರುವಿನಿಂದ ಹೊರತಂದರು.

ನಿಮ್ಮ ‘ಕರೆಸಿಕೊಳ್ಳಲೇಬೇಕಲ್ಲವೇ’ ಎಂಬುದಕ್ಕೆ ಬರುತ್ತೇನೆ. 1951ರ ಒಪ್ಪಂದದ 33ನೇ ವಿಧಿ ನಿಷೇಧಿಸುವುದು ನಿರಾಶ್ರಿತನನ್ನು ಅಪಾಯವಿರುವ ಕಡೆಗೆ ವಾಪಸ್ ತಳ್ಳುವುದನ್ನು. ಬಂದವನನ್ನು ಇಲ್ಲೇ ಕಾಯಂ ಇಟ್ಟುಕೋ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ನೌರು ವ್ಯವಸ್ಥೆ ನಿಂತಿರುವುದು ಈ ಸಂದಿಯಲ್ಲಿ. ಆಸ್ಟ್ರೇಲಿಯಾದ ಒಳಗಿನ ಕಾನೂನಿಗೂ ಅದು ದಕ್ಕಿತು. ಬಾಂಗ್ಲಾದೇಶದ ಹೆಣ್ಣುಮಗಳೊಬ್ಬಳು ಹಾಕಿದ ಕೇಸಿನಲ್ಲಿ 2016ರ ಫೆಬ್ರವರಿ 3ರಂದು ಹೈಕೋರ್ಟ್ ಬಹುಮತದಿಂದ ಸರ್ಕಾರದ ಪರ ತೀರ್ಪಿತ್ತಿತು. ಕೇಸು ನಡೆಯುತ್ತಿರುವಾಗಲೇ, 2015ರಲ್ಲಿ, ಸಂಸತ್ತು 2012ರಿಂದ ಪೂರ್ವಾನ್ವಯವಾಗುವಂತೆ ಕಾನೂನು ತಿದ್ದಿಕೊಂಡಿತ್ತು ಎಂಬುದನ್ನೂ ಸೇರಿಸಿ ಓದಬೇಕು. ಅಂತರರಾಷ್ಟ್ರೀಯ ವೇದಿಕೆಯಲ್ಲಿ ಅಭಿಪ್ರಾಯ ಬೇರೆ. ಶಿಬಿರದ ಮೇಲೆ ಹಿಡಿತ ಆಸ್ಟ್ರೇಲಿಯಾದ್ದೇ ಆದ್ದರಿಂದ ಅಲ್ಲಿನ ಅಕ್ರಮ ಬಂಧನಕ್ಕೂ ಅದೇ ಹೊಣೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2025ರ ಜನವರಿಯಲ್ಲಿ ಹೇಳಿತು. ಆ ಮಾತನ್ನು ಜಾರಿ ಮಾಡಿಸುವ ಪೊಲೀಸ್ ಯಾರೂ ಇಲ್ಲ.

ಈಗಿನ ಸ್ಥಿತಿಗೆ ಬಂದರೆ, ನೌರುವಿನ ಸುದ್ದಿ ಎಂದು ಓದುವಾಗ ಎರಡು ಗುಂಪುಗಳನ್ನು ಬೇರೆ ಮಾಡಿಕೊಳ್ಳಿ. ಒಂದು, ಮೇಲೆ ಹೇಳಿದ ದೋಣಿಯವರು. ಇನ್ನೊಂದು, 2023ರ ನವೆಂಬರ್‌ನಲ್ಲಿ ಹೈಕೋರ್ಟ್ ‘ಕೊನೆಯಿಲ್ಲದ ಬಂಧನ ಸಲ್ಲದು’ ಎಂದ ಮೇಲೆ ಆಸ್ಟ್ರೇಲಿಯಾದಲ್ಲಿ ಬಿಡುಗಡೆಯಾದ ಸುಮಾರು 350 ಜನ. ಅವರಲ್ಲಿ ಹೆಚ್ಚಿನವರು ಅಪರಾಧದ ಕಾರಣಕ್ಕೆ ವೀಸಾ ಕಳೆದುಕೊಂಡವರು, ಆದರೆ ಸ್ವಂತ ದೇಶಕ್ಕೆ ಕಳಿಸಲಾಗದವರು. ಇವರಿಗೆ 30 ವರ್ಷದ ವೀಸಾ ಕೊಡಲು ನೌರು 2025ರ ಆಗಸ್ಟ್‌ನಲ್ಲಿ ಒಪ್ಪಿತು. ಬದಲಿಗೆ ಆರಂಭದಲ್ಲೇ 408 ಮಿಲಿಯನ್ ಡಾಲರ್, ನಂತರ ವರ್ಷಕ್ಕೆ 70 ಮಿಲಿಯನ್. ವೀಸಾ ಮುಗಿದ ಭಾರತೀಯ ವಿದ್ಯಾರ್ಥಿ ಈ ಗುಂಪಿಗೂ ಸೇರುವುದಿಲ್ಲ, ಅವನನ್ನು ಭಾರತಕ್ಕೆ ಕಳಿಸಲು ಅಡ್ಡಿಯೇನೂ ಇಲ್ಲವಲ್ಲ.

ದೋಣಿಯವರ ಪೈಕಿ, 2023ರ ಸೆಪ್ಟೆಂಬರ್‌ನಿಂದ ಹೊಸಬರನ್ನು ಮತ್ತೆ ಸಾಗಿಸುತ್ತಿದ್ದಾರೆ. 2024ರಲ್ಲಿ ಅವರ ಸಂಖ್ಯೆ ನೂರರ ಆಸುಪಾಸಿಗೆ ಹೋಯಿತು. ಇವರಿಗೂ ಅದೇ ಕಾಯ್ದೆ, ಅದೇ ವಿಚಾರಣೆ. ಆದರೆ ನ್ಯೂಜಿಲೆಂಡಿನ 450ರ ಒಪ್ಪಂದ 2022ರ ಮಾರ್ಚ್ 24ಕ್ಕೆ ಮುಂಚೆ ಈ ವ್ಯವಸ್ಥೆಯೊಳಗೆ ಇದ್ದವರಿಗೆ ಮಾತ್ರ, ಅಮೆರಿಕದ್ದು ಅದಕ್ಕೂ ಹಳೆಯ ಗುಂಪಿಗೆ. ಹೊಸಬರು ವಿಚಾರಣೆಯಲ್ಲಿ ಗೆದ್ದರೂ ಅವರ ಹೆಸರಿಗೆ ಈ ಎರಡರಲ್ಲಿ ಯಾವುದೂ ಇಲ್ಲ.